ಸಂತೆ ದಿನದ ಬೀದಿ

ಗುಳುಕ್ ಅಂದಿತು ಮೂಲೆಯ ನೀರಿನ ಡಬ್ಬ, ಯಾರೂ ಮುಟ್ಟಿರಲಿಲ್ಲ, ತನ್ನಷ್ಟಕ್ಕೆ ಒಂದು ದೊಡ್ಡ ಗುಳ್ಳೆ ಬಿಟ್ಟು ಸುಮ್ಮನಾಯಿತು, ಹೊಟ್ಟೆ ಕೆಟ್ಟ ಮುದುಕನ ಹಾಗೆ, ಇನ್ನೊಂದು ದಿನವಾಗಿದ್ದರೆ ಬುರುಲ್‌ಗೆ ನಗು ಬರುತ್ತಿತ್ತು, ಇವತ್ತು ತುಟಿ ಬಿಗಿದುಕೊಂಡಿದೆ, ನಾದಿನಿ ಹಚ್ಚಿ ಕಳಿಸಿದ ಬಣ್ಣ ಒಣಗಿ ಸಿಪ್ಪೆಯಾಗಿದೆ — ಅಲ್ಲಾಡ್ಬೇಡಿ ಅತ್ತಿಗೆ, ಬಿಷ್ಕೆಕ್‌ನಲ್ಲಿ ತುಟಿಗೆ ಬಣ್ಣ ಇಲ್ದೆ ಇಂಟರ್‌ವ್ಯೂಗೆ ಹೋದ್ರೆ ನೆಲ ಒರೆಸೋಕೆ ಬಂದಿದಾರೆ ಅನ್ಕೊಂಡು ಕೈಗೆ ಬಕೆಟ್ ಕೊಡ್ತಾರೆ — ಏಳನೇ ಮಹಡಿ, ಗಾಜಿನ ಬಾಗಿಲು, ಒಳಗೆ ಯಾರೋ ರಷ್ಯನ್‌ನಲ್ಲಿ ನಗುತ್ತಿದ್ದಾರೆ, ನಗುವುದಕ್ಕೂ ಭಾಷೆ ಇದೆಯಾ, ಇದೆ, ಊರಲ್ಲಿ ಯಾರೂ ಹೀಗೆ ನಗುವುದಿಲ್ಲ, ಹಲ್ಲು ಹೊರಗೆ, ಸದ್ದು ಒಳಗೆ. ಬೆಂಚಿನ ಆ ತುದಿಗೆ ಒಬ್ಬಳು ಹುಡುಗಿ, ಉಗುರಿಗೆ ನೇರಳೆ ಬಣ್ಣ, ಮೊಬೈಲು ನೋಡಿಕೊಂಡು ತುಟಿಯಲ್ಲೇ ಪಾಠ ಒಪ್ಪಿಸುತ್ತಿದ್ದಾಳೆ, ನಾನು ಒತ್ತಡದಲ್ಲೂ ಕೆಲಸ ಮಾಡಬಲ್ಲೆ, ನಾನು ತಂಡದೊಂದಿಗೆ ಹೊಂದಿಕೊಳ್ಳಬಲ್ಲೆ, ಎಲ್ಲರಿಗೂ ಒಬ್ಬರೇ ಮೇಷ್ಟರು ಹೇಳಿಕೊಟ್ಟ ಹಾಗಿದೆ, ಬುರುಲ್‌ಗೆ ಹೇಳಿಕೊಟ್ಟದ್ದು ಆ ನಾದಿನಿಯೇ, ಗಂಡನ ಕಡೇ ತಂಗಿ, ಇಲ್ಲಿ ರಾಜಧಾನಿಯ ಯೂನಿವರ್ಸಿಟಿಯಲ್ಲಿ ಓದುವವಳು, ಮೂರು ಸಂಜೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿಕೊಂಡು, ನೋಡಿ ಅತ್ತಿಗೆ, ಗೊತ್ತಿಲ್ಲ ಅನ್ನೋ ಮಾತು ಆಫೀಸಲ್ಲಿ ಇಲ್ವೇ ಇಲ್ಲ, ವಿಚಾರಿಸಿ ತಿಳಿಸುತ್ತೇನೆ ಅನ್ಬೇಕು, ಆಗಲ್ಲ ಅನ್ನಂಗಿಲ್ಲ, ಸದ್ಯಕ್ಕೆ ಸಾಧ್ಯತೆ ಕಡಿಮೆ ಅನ್ಬೇಕು, ತಪ್ಪಾಯ್ತು ಅಂತ ಸತ್ರೂ ಅನ್ಬೇಡಿ, ಉಂಟಾದ ಅನಾನುಕೂಲಕ್ಕೆ ವಿಷಾದವಿದೆ ಅನ್ನಿ — ಯಾರಿಗೆ ವಿಷಾದ, ಅಂತ ಬುರುಲ್ ಕೇಳಿದಳು — ಯಾರಿಗೋ ಒಬ್ರಿಗೆ, ನಿಮಗಂತೂ ಅಲ್ಲ, ಅದೇ ಅದರ ಚಂದ, ಅಂತ ಅವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ನಕ್ಕಳು, ಪಾಪ, ಊರಲ್ಲಿ ನಡೆದದ್ದು ಅವಳಿಗೆ ಅರ್ಧ ಮಾತ್ರ ಗೊತ್ತು. ಹಳೇ ಕೆಲಸ ಯಾಕೆ ಬಿಟ್ರಿ ಅಂತ ಕೇಳೇ ಕೇಳ್ತಾರೆ, ಆಗ ಏನಂತೀರಿ? ಬೆಳವಣಿಗೆಗೆ ಹೊಸ ಅವಕಾಶ ಹುಡುಕುತ್ತಿದ್ದೆ. ಹಾಂ, ಮುಖ ಯಾಕೆ ಹೀಗೆ ಮಾಡ್ಕೋತೀರಿ, ಸತ್ತವರ ಮನೆಗೆ ಹೊರಟೋರ ಹಾಗೆ, ನಕ್ಕೊಂಡು ಹೇಳಿ. ಬುರುಲ್ ನಕ್ಕೊಂಡು ಹೇಳಿದಳು. ಈ ಕೆಲಸ ಸಿಗಲೇಬೇಕು, ಖಾಸಗಿ ಆಸ್ಪತ್ರೆಯಲ್ಲಿ ಫೋನ್ ಎತ್ತಿ ರೋಗಿಗಳಿಗೆ ಡಾಕ್ಟರ ಸಮಯ ಗೊತ್ತುಮಾಡುವ ಕೆಲಸ, ಗಂಡ ರಷ್ಯಾದ ಯಾಕುತಿಯಾದ ಗಣಿಯಿಂದ ಫೋನಿನಲ್ಲಿ ಹೇಳಿದ್ದಾನೆ, ಈ ತಿಂಗಳು ನೋಡು, ಸಿಗ್ಲಿಲ್ಲ ಅಂದ್ರೆ ಮಗಳನ್ನ ಕರ್ಕೊಂಡು ಊರಿಗೆ ಹೋಗ್ಬಿಡು, ಅಪ್ಪ ಅಮ್ಮನ ಜೊತೆ ಇರು, ಬೈದು ಹೇಳಿದ್ದಲ್ಲ, ಮೆತ್ತಗೆ ಹೇಳಿದ್ದು, ಆದರೆ ಊರಿಗೆ ಹೋದರೆ ಮಗಳನ್ನು ಶಾಲೆಗೆ ಬಿಡಲು ದಿನಾ ಆ ರಸ್ತೆಯ ಮೂಲೆ ದಾಟಬೇಕು, ಹೋಗುತ್ತಾ ಒಂದು ಸಲ, ಬರುತ್ತಾ ಒಂದು ಸಲ, ಮಧ್ಯಾಹ್ನ ಮತ್ತೆ ಎರಡು ಸಲ. ತಿಂಗಳು ಮುಗಿಯಲು ಇನ್ನು ಹನ್ನೊಂದು ದಿನ.

ಕೈಯಲ್ಲಿ ಅರ್ಜಿ ಇದೆ, ರಷ್ಯನ್‌ನಲ್ಲಿ ಅಚ್ಚಾಗಿರುವ ಎರಡು ಹಾಳೆ, ತುರ್ತಿಗೆ ಯಾರನ್ನು ಸಂಪರ್ಕಿಸಬೇಕು ಎಂಬ ಕಲಮಿನ ಎದುರು ಅವಳು ಮಾವನ ಹೆಸರು ಬರೆದಿದ್ದಾಳೆ, ಪೂರ್ತಿ, ಸ್ಫುಟವಾಗಿ, ಬರೆಯಲು ಅಡ್ಡಿಯಿಲ್ಲ, ಕೈಗೆ ಯಾರೂ ಮರ್ಯಾದೆ ಕಲಿಸಿಲ್ಲ, ಮರ್ಯಾದೆಯೆಲ್ಲ ನಾಲಿಗೆಗೆ. ಹದಿನಾಲ್ಕು ವರ್ಷ ಆಯಿತು, ಮದುವೆಯಾಗಿ ಬಂದ ಮಾರನೇ ಬೆಳಿಗ್ಗೆ, ತಲೆಗೆ ಕಟ್ಟಿದ ಬಿಳೀ ವಸ್ತ್ರ ಇನ್ನೂ ಹೊಸ ಬಟ್ಟೆಯ ವಾಸನೆ ಹೊಡೆಯುತ್ತಿದ್ದಾಗ, ಓರಗಿತ್ತಿ ಒಲೆಯ ಹತ್ತಿರ ಕರೆದು ಪಿಸುಗುಟ್ಟಿದಳು, ನೋಡು ಬುರುಲ್, ಮಾವನ ಹೆಸರು ಎತ್ತೋ ಹಾಗಿಲ್ಲ, ಅವರ ತಮ್ಮಂದಿರು ಇಬ್ಬರದ್ದೂ, ಭಾವನದ್ದೂ, ಆ ಹೆಸರಿನ ಹಾಗೆ ಕೇಳೋ ಮಾತೂ ಆಡೋ ಹಾಗಿಲ್ಲ, ಬೇರೆ ಏನಾದ್ರೂ ಹುಡುಕ್ಕೋ, ನಾವೆಲ್ಲ ಹುಡುಕ್ಕೊಂಡಿದೀವಿ. ಭಾವನ ಹೆಸರು ತೆಮಿರ್, ಕಿರ್ಗಿಸ್‌ನಲ್ಲಿ ಅಂದರೆ ಕಬ್ಬಿಣ, ಹಾಗಾಗಿ ಈ ಮನೆಯ ಸೊಸೆಯರ ಬಾಯಲ್ಲಿ ಕಬ್ಬಿಣ ಇಲ್ಲ, ಗಟ್ಟಿಯದು ಇದೆ, ಗಟ್ಟಿಯ ಬಾಣಲೆ, ಗಟ್ಟಿಯ ಗೇಟು. ನಾದಿನಿಗೂ ತಾನೇ ಒಂದು ಹೆಸರಿಟ್ಟಿದ್ದಾಳೆ ಬುರುಲ್, ಸಕ್ಕರೆ ಹುಡುಗಿ. ಮಾವ ಹುಟ್ಟಿದ್ದು ಶುಕ್ರವಾರದ ಹಿಂದಿನ ದಿನ, ಅವರಪ್ಪ ಜಾಸ್ತಿ ಯೋಚನೆ ಮಾಡುವ ಪೈಕಿಯಲ್ಲ, ವಾರದ ಹೆಸರಿನ ಬಾಲ ಕತ್ತರಿಸಿ ಮಗನಿಗೆ ಇಟ್ಟುಬಿಟ್ಟ, ಹೀಗಾಗಿ ಮಾವನ ಹೆಸರಿನ ಜೊತೆಗೆ ವಾರದಲ್ಲಿ ಒಂದು ದಿನವೂ ಬುರುಲ್‌ಳ ಬಾಯಿಂದ ಹೋಯಿತು, ಊರಲ್ಲಿ ಅವತ್ತೇ ದನಕುರಿಗಳ ಸಂತೆ, ಅವಳು ಅದಕ್ಕೆ ಸಂತೆ ದಿನ ಅಂದಳು, ನಾಡಿದ್ದು ಸಂತೆ ದಿನ, ಸಂತೆ ದಿನ ಮಗಳಿಗೆ ಜ್ವರ ಬಂತು. ಮೊದಲ ತಿಂಗಳು ಒಂದೇ ಒಂದು ಸಲ ನಾಲಿಗೆ ಜಾರಿ ಆ ದಿನದ ಹೆಸರು ಬಂದಿತ್ತು, ಅತ್ತೆ ಚಹಾದ ಬಟ್ಟಲನ್ನು ಕೆಳಗಿಟ್ಟರು ಅಷ್ಟೇ, ಆ ಸದ್ದು, ಟಕ್ — ಅದಾದ ಮೇಲೆ ಜಾರಲಿಲ್ಲ. ರಷ್ಯನ್‌ನಲ್ಲಿ ಮಾತ್ರ ಆ ದಿನಕ್ಕೆ ಚೆತ್ವೆರ್ಗ್ ಅನ್ನುತ್ತಾರೆ, ಅದು ಯಾರ ಮಾವನೂ ಅಲ್ಲ, ಚೆತ್ವೆರ್ಗ್ ಚೆತ್ವೆರ್ಗ್ ಚೆತ್ವೆರ್ಗ್ ಅಂತ ಸಾವಿರ ಸಲ ಹೇಳಬಹುದು, ಆಫೀಸು ಭಾಷೆಯಲ್ಲಿ ಮಾವನೂ ಇಲ್ಲ ಸೊಸೆಯೂ ಇಲ್ಲ, ಎಲ್ಲರೂ ಅಪ್ಪನ ಹೆಸರು ಬಾಲಕ್ಕೆ ಕಟ್ಟಿಕೊಂಡು ಒಬ್ಬರಿಗೊಬ್ಬರು ನೀವು ನೀವು.

ಒಳಗೆ ಹೋದ ನೇರಳೆ ಉಗುರಿನ ಹುಡುಗಿ ಇನ್ನೂ ಬಂದಿಲ್ಲ. ಅಲ್ಲಿಯೂ ಹೀಗೇ ಇತ್ತು ಒಂದು ಗಾಜಿನ ಕಿಟಕಿ, ಜಿಲ್ಲಾ ಆಸ್ಪತ್ರೆಯ ಹಿಂಭಾಗ, ಆಂಬುಲೆನ್ಸ್ ಕೋಣೆ, ಒಂದು ಮೇಜು, ಎರಡು ಫೋನು, ಒಂದು ವೈರ್‌ಲೆಸ್, ಆರು ವರ್ಷ ಬುರುಲ್ ಅಲ್ಲಿ ಕೂತಿದ್ದಳು, ಹೇಳಿ, ಯಾರಿಗೆ, ಏನಾಯ್ತು, ಉಸಿರಾಡ್ತಿದಾರಾ, ಮನೆ ಎಲ್ಲಿ, ಒಳ್ಳೆಯ ಕೆಲಸಗಾರ್ತಿ ಅಂತ ಗೋಡೆಯ ಮೇಲೆ ಅವಳ ಫೋಟೋ ಹಾಕಿದ್ದರು ಒಂದು ವರ್ಷ. ಫೋಟೋದ ಪಕ್ಕದಲ್ಲಿ ರಷ್ಯನ್‌ನಲ್ಲಿ ನಿಯಮ, ಕರೆ ಮಾಡಿದವರು ಹೇಳಿದ ವಿಳಾಸವನ್ನು ಯಥಾವತ್ತಾಗಿ ಎರಡು ಬಾರಿ ವಾಹನ ಸಿಬ್ಬಂದಿಗೆ ತಿಳಿಸತಕ್ಕದ್ದು, ಅದರ ಕೆಳಗೆ ಅವಳೂ ಸಹಿ ಹಾಕಿದ್ದಳು, ಎಲ್ಲರೂ ಹಾಕಿದ್ದರು, ಯಥಾವತ್ತಾಗಿ ಅನ್ನುವುದು ಕಾಗದದ ಮಾತು, ಕೆಲಸ ನಡೆಯುತ್ತಿದ್ದದ್ದು ಬೇರೆ ಮಾತಿನಲ್ಲಿ, ಡ್ರೈವರ್ ಕುರ್ಮಾನ್ ಅಣ್ಣನಿಗೆ ಕೆಂಚು ಕೂದಲಿನವನ ಅಂಗಡಿ ಹಿಂದೆ ಅಂದರೆ ಸಾಕು, ಹಳೇ ಗಿರಣಿ ಅಂದರೆ ಸಾಕು, ಮತ್ತೆ ಊರಲ್ಲಿ ಒಂದು ಬೀದಿ ಇತ್ತು, ಯಾವುದೋ ಕಾಲದ ಒಬ್ಬ ಕುದುರೆ ಸವಾರನ ಹೆಸರಿನ ಬೀದಿ, ಮಾವನ ಹೆಸರೇ ಅವನದ್ದೂ, ಬುರುಲ್‌ಳ ಮನೆಯಿಂದ ಎರಡು ತಿರುವು ಆಚೆ. ಮೊದಲ ಸಲ ಆ ಬೀದಿಯಿಂದ ಕರೆ ಬಂದಾಗ ಅವಳು ವೈರ್‌ಲೆಸ್‌ನಲ್ಲಿ ಒಂದು ಗಳಿಗೆ ತಡೆದು, ಸಂತೆ ದಿನದ ಬೀದಿ, ಅಂದಳು, ಕುರ್ಮಾನ್ ಅಣ್ಣನಿಗೆ ಗೊತ್ತಾಗಿಹೋಯಿತು, ಅವನ ಮನೆಯಲ್ಲೂ ಸೊಸೆಯರಿದ್ದಾರೆ, ಆ ಮೇಲೆ ಅದೇ ರೂಢಿ, ಏನಮ್ಮಾ ಸೊಸೆ, ನಿಮ್ಮ ಮಾವನ ಬೀದೀಲಿ ಇವತ್ತು ಯಾರಿಗೆ ಹೊಟ್ಟೆನೋವು, ಅಂತ ಅವನ ತಮಾಷೆ, ಸುಮ್ನೆ ಹೋಗಿ ಅಣ್ಣ, ಅಂತ ಅವಳ ನಗು. ಮಾವನ ಕಿವಿಗೂ ಬಿತ್ತು. ಮಾವ ಬಂದವರಿಗೆಲ್ಲ ಹೇಳಿಕೊಂಡರು, ಹಿರಿಯರಿಗೆಂದು ಬೇಯಿಸಿ ಬಡಿಸಿದ ಕುರಿಯ ತಲೆಯ ಮುಂದೆ ಕೂತು ಕಿವಿ ಕೊಯ್ಯುತ್ತಾ ಮೆಲ್ಲಗೆ, ಯಾರೂ ಕೇಳದಿದ್ದರೂ, ನಮ್ ಹುಡುಗಿ ಸರ್ಕಾರಿ ವೈರ್‌ಲೆಸ್‌ನಲ್ಲೂ ನನ್ನ ಹೆಸರು ಎತ್ತಲ್ಲ ಕಣಯ್ಯ, ಈಗಿನ ಕಾಲದಲ್ಲಿ ಎಲ್ಲಿದೆ ಹೇಳು — ಬುರುಲ್ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದಳು, ಕಿವಿ ಬಿಸಿಯಾಗಿತ್ತು, ಸಂತೋಷಕ್ಕೆ, ಸುಳ್ಳು ಯಾಕೆ, ಸಂತೋಷಕ್ಕೇ.

ಮಂಗಳವಾರ ಅವತ್ತು, ಹನ್ನೊಂದು ಗಂಟೆ ಹತ್ತು ನಿಮಿಷ, ಬಿಸಿಲು ಮೇಜಿನ ಅರ್ಧಕ್ಕೆ ಬಂದಿತ್ತು, ಕುರ್ಮಾನ್ ಅಣ್ಣ ಮಗಳ ಮದುವೆಗೆ ರಜೆ ಹಾಕಿದ್ದ, ಗಾಡಿಯಲ್ಲಿ ಮೆದೆತ್ ಅಂತ ಹೊಸಬ, ಬೆಟ್ಟದ ಆಚೆ ಕಣಿವೆಯಿಂದ ಬಂದು ನಾಲ್ಕು ದಿನ, ಬೀದಿಯ ಹೆಸರುಗಳನ್ನು ಫೋನಿನ ನಕ್ಷೆಯಲ್ಲಿ ನೋಡಿಕೊಂಡು ಓಡಿಸುವವನು. ಫೋನಿನಲ್ಲಿ ಹೆಂಗಸು, ಹೆಸರು ಜುರಾ ಅಂದಳು, ಅಳಲಿಲ್ಲ, ಬೇಗ ಬೇಗ ಮಾತಾಡಿದಳು, ತಂಗೀ, ನಮ್ಮೋರು ಎದೆ ಹಿಡ್ಕೊಂಡು ಬಿದ್ದಿದಾರೆ, ಮುಖ ಎಲ್ಲ ಬೂದಿ ಬಣ್ಣ, ಬೆವರು ಹರೀತಿದೆ, ನಲವತ್ತಾರು ವಯಸ್ಸು, ಅಂತ ಹೇಳಿ ಆ ಬೀದಿಯ ಹೆಸರು ಹೇಳಿದಳು, ಮನೆ ಮೂವತ್ತೊಂದು, ಗೇಟಿಗೆ ಹೊಸ ಬಣ್ಣ ಬಳಿದಿದೀವಿ, ನಂಬರ್ ಕಾಣಲ್ಲ, ಅವರತ್ರ ಅತ್ತೆ ಇದಾರೆ, ನಾನು ರಸ್ತೆ ಮೂಲೆಗೆ ಬಂದು ಕೆಂಪು ಶಾಲು ಬೀಸ್ತಾ ನಿಲ್ತೀನಿ, ಹೇಳ್ತೀರಾ ಅವ್ರಿಗೆ. ಹೇಳ್ತೀನಿ ಅಕ್ಕ. ಹೇಳಿದಳು. ಎದೆನೋವು, ಗಂಡಸು, ನಲವತ್ತಾರು, ಸಂತೆ ದಿನದ ಬೀದಿ, ಮೂವತ್ತೊಂದು, ಮೂಲೆಯಲ್ಲಿ ಕೆಂಪು ಶಾಲು, ಎಲ್ಲ ಯಥಾವತ್ತಾಗಿ, ಒಂದು ಮಾತು ಬಿಟ್ಟು. ಮೆದೆತ್ ಸರಿ ಅಕ್ಕ ಅಂದ. ಊರಲ್ಲಿ ಸಂತೆ ಬೀದಿ ಅಂತ ಬೇರೆಯೇ ಇದೆ, ಹೊಳೆಯ ಆಚೆ, ಸೇತುವೆ ದಾಟಿ, ನಕ್ಷೆಯಲ್ಲಿ ದೊಡ್ಡದಾಗಿ ಬರೆದಿರುತ್ತದೆ. ಎಂಟು ನಿಮಿಷ. ಆಮೇಲೆ ವೈರ್‌ಲೆಸ್ ಕರಕರ ಅಂದಿತು, ಅಕ್ಕ, ಮೂವತ್ತೊಂದರಲ್ಲಿ ಒಬ್ರು ಅಜ್ಜಿ, ಯಾರಿಗೂ ಏನೂ ಆಗಿಲ್ಲ ಹೋಗಯ್ಯ ಅಂತಿದಾರೆ, ಕೆಂಪು ಶಾಲೂ ಇಲ್ಲ ಏನೂ ಇಲ್ಲ. ಎಲ್ಲಿದೀಯಪ್ಪ? ಸಂತೆ ಬೀದೀಲಿ. ಅದಲ್ಲ, ಸಂತೆ ದಿನದ್ದು. ಅದೇ ಅಕ್ಕ, ಸಂತೆದೇ. ಸಂತೆ ಅಲ್ಲಪ್ಪ, ಸಂತೆ ನಡೆಯೋ ದಿನ. ಇವತ್ತು ಸಂತೆ ಇಲ್ವಲ್ಲ ಅಕ್ಕ. ಹೊಳೆ ಈಚೆ, ನಮ್ಮನೆ ಹಿರಿಯರ — ಯಾವ ಹಿರಿಯರು, ನಂಗೆ ನಿಮ್ಮ ಹಿರಿಯರು ಗೊತ್ತಿಲ್ಲ, ಬೀದಿ ಹೆಸರು ಹೇಳಿ ಅಕ್ಕ, ಹೆಸರು, ಹೆಸರು. ಗುಂಡಿ ಒತ್ತಿ ಹಿಡಿದಿದ್ದಳು, ಹೇಳಲಿಕ್ಕೇ ಒತ್ತಿದ್ದು, ಮೊದಲ ಅಕ್ಷರಕ್ಕೆ ಎರಡು ತುಟಿ ಕೂಡಬೇಕು, ಕೂಡಿದವು, ಬಿಡಲಿಲ್ಲ, ಅಂಟು ಹಾಕಿದ ಹಾಗೆ, ಕೋಣೆಯಲ್ಲಿ ಯಾರೂ ಇರಲಿಲ್ಲ, ಅತ್ತೆ ಇರಲಿಲ್ಲ, ಓರಗಿತ್ತಿ ಇರಲಿಲ್ಲ, ಚಹಾದ ಬಟ್ಟಲು ಇರಲಿಲ್ಲ, ಅವಳು ಗುಂಡಿ ಒತ್ತಿಕೊಂಡೇ ಇದ್ದಳು, ಅವನ ಮಾತೂ ಈಚೆಗೆ ಬರದ ಹಾಗೆ, ಎಷ್ಟು ಹೊತ್ತು, ಒಂದು ನಿಮಿಷವಾ, ಎರಡಾ, ಪಕ್ಕದ ಕೋಣೆಯಲ್ಲಿ ಗ್ಲೂಕೋಸ್ ಬಾಟಲಿ ಎಣಿಸುತ್ತಿದ್ದ ನರ್ಸ್ ಕಾಲ್ಯಿಚಾ ಒಳಗೆ ಬಂದು ಅವಳ ಮುಖ ನೋಡಿ, ಮುಂದೆ ಅವಳು ವಿಳಾಸ ಬರೆದುಕೊಂಡಿದ್ದ ಪುಸ್ತಕ ನೋಡಿ, ವೈರ್‌ಲೆಸ್ ಕಿತ್ತುಕೊಂಡು, ಬೆಯ್ಶೆನ್ ಬೀದಿ ಕಣಯ್ಯಾ, ಬೆಯ್ಶೆನ್, ಮೂವತ್ತೊಂದು, ಸೇತುವೆ ವಾಪಸ್ ದಾಟು, ಅಂತ ಒದರಿದಳು.

ಒಟ್ಟು ಇಪ್ಪತ್ತಮೂರು ನಿಮಿಷ. ಗಾಡಿಯಲ್ಲಿ ಹೋಗಿದ್ದ ಡಾಕ್ಟರು ವಾಪಸ್ಸು ಬಂದು ಕೈ ತೊಳೆಯುತ್ತಾ, ಇನ್ನೊಂದು ಹತ್ತು ನಿಮಿಷ ಮುಂಚೆ ಏನಾದ್ರೂ, ಅಂದು ನಲ್ಲಿ ನಿಲ್ಲಿಸಿ ಮಾತೂ ನಿಲ್ಲಿಸಿದರು. ಮೆದೆತ್ ಮೆಟ್ಟಿಲ ಮೇಲೆ ಕೂತು ಸಿಗರೇಟು ಹಚ್ಚಲು ಹೋಗಿ ಕಡ್ಡಿ ಮುರಿದ, ಇನ್ನೊಂದು ಮುರಿದ, ಅವಳ ಕಡೆ ನೋಡದೆ ಹೇಳಿದ, ಆಯಮ್ಮ ಮೂಲೇಲಿ ನಿಂತು ಶಾಲು ಬೀಸ್ತಾನೇ ಇತ್ತು ಅಕ್ಕ, ನಾವು ಗಾಡಿ ತಂದು ಮುಂದೇನೇ ನಿಲ್ಸಿದ್ವಿ, ಇಳಿದ್ವಿ, ಆದ್ರೂ ಬೀಸ್ತಾನೇ ಇತ್ತು, ಕೈ ಹಿಡ್ದು ಕೆಳಗಿಳಿಸ್ಬೇಕಾಯ್ತು. ಅವಳು ಅದನ್ನು ಕಣ್ಣಾರೆ ನೋಡಿಲ್ಲ, ಒಂದು ದಿನವೂ ನೋಡಿಲ್ಲ, ಆದರೂ ನೋಡುತ್ತಲೇ ಇರುತ್ತಾಳೆ, ಅನ್ನ ಬಸಿಯುವಾಗ, ಮಗಳ ಜಡೆ ಹಾಕುವಾಗ, ಖಾಲಿ ರಸ್ತೆ, ಬಿಸಿಲು, ಒಂದು ಕೆಂಪು ಶಾಲು ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ. ಮುಖ್ಯ ವೈದ್ಯರು ವರದಿಯನ್ನು ತಾವೇ ಹೇಳಿ ಬರೆಸಿದರು, ರಷ್ಯನ್‌ನಲ್ಲಿ, ಕಿಟಕಿಯ ಕಡೆ ಮುಖ ಮಾಡಿ, ಬರೀಮ್ಮ, ವಿಳಾಸಕ್ಕೆ ಸಂಬಂಧಿಸಿದ ಮಾಹಿತಿಯು ಪೂರ್ಣ ಪ್ರಮಾಣದಲ್ಲಿ ರವಾನೆಯಾಗಿರುವುದಿಲ್ಲ. ಯಾರು ರವಾನೆ ಮಾಡಬೇಕಿತ್ತು, ಯಾರಿಗೆ, ಯಾರ ವಿಳಾಸ, ಯಾಕೆ ಆಗಲಿಲ್ಲ, ಆ ವಾಕ್ಯದಲ್ಲಿ ಮನುಷ್ಯರೇ ಇಲ್ಲ, ಗುಡಿಸಿಟ್ಟ ಮನೆಯ ಹಾಗೆ, ಬುರುಲ್‌ಗೆ ಆ ಹೊತ್ತಿಗೆ ಅದು ಹಿತವಾಗಿತ್ತು, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದು ಅನಿಸಿತ್ತು. ಆಮೇಲೆ ಇನ್ನೊಂದು ಕಾಗದ, ಸ್ವಂತ ಇಚ್ಛೆಯಿಂದ ಕೆಲಸಕ್ಕೆ ರಾಜೀನಾಮೆ, ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ ಮಗಳೇ, ಹೀಗೆ ಬರೆದ್ರೆ ಮುಂದೆ ಎಲ್ಲಾದ್ರೂ ಕೆಲಸ ಸಿಗತ್ತೆ, ಅಂದರು ಮುಖ್ಯ ವೈದ್ಯರು, ಅವರೂ ಕೆಟ್ಟವರಲ್ಲ, ಯಾರೂ ಕೆಟ್ಟವರಲ್ಲ ಇದರಲ್ಲಿ, ಅದೇ ಕಷ್ಟ. ಮನೆಯಲ್ಲಿ ಮಾವ ಮೂರನೇ ದಿನ ಅಂಗಳದಲ್ಲಿ ಕುದುರೆಗೆ ಹುಲ್ಲು ಹಾಕುತ್ತಾ, ಅವಳ ಕಡೆ ಬೆನ್ನು ಮಾಡಿ, ಹೇಳ್ಬಹುದಿತ್ತಲ್ಲಮ್ಮ, ಅಂದರು, ನನ್ನ ಹೆಸರಿನಲ್ಲಿ ಏನಿದೆ. ಅಷ್ಟೇ. ಅದಕ್ಕಿಂತ ಕುದುರೆಯ ಚಾಟಿಯಲ್ಲಿ ಹೊಡೆದಿದ್ದರೆ. ಜುರಾ ಸಿಕ್ಕಿದ್ದು ಅವಳ ಗಂಡ ಸತ್ತ ನಲವತ್ತನೇ ದಿನದ ಊಟ ಕಳೆದು ಒಂದು ವಾರಕ್ಕೆ, ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ, ಕಪ್ಪು ವಸ್ತ್ರ, ಕೈಯಲ್ಲಿ ಖಾಲಿ ಚೀಲ, ಬುರುಲ್‌ಳ ಧ್ವನಿ ಗುರುತು ಹಿಡಿದು ತಿರುಗಿ ನೋಡಿದಳು, ನೀನೇ ಅಲ್ವಾ ತಂಗಿ ಅವತ್ತು ಫೋನಲ್ಲಿ, ಜಗಳದ ಧ್ವನಿಯಲ್ಲ, ದಾರಿ ಕೇಳುವವರ ಧ್ವನಿ, ಗಾಡಿ ಯಾಕಮ್ಮ ಅಷ್ಟು ತಡ ಆಯ್ತು, ಯಾರೂ ಸರಿಯಾಗಿ ಹೇಳಲ್ಲ ನಂಗೆ. ಮತ್ತೆ ಬುರುಲ್ ಏನಂದಳು, ಏನಂದಳು ಅವಳು, ಯಾರೂ ಒತ್ತಾಯ ಮಾಡಿರಲಿಲ್ಲ, ಆ ವಾಕ್ಯವೇ ಬಾಯಿಂದ ಬಂತು, ನೀರು ಕುಡಿದ ಹಾಗೆ, ವಿಳಾಸಕ್ಕೆ ಸಂಬಂಧಿಸಿದ ಮಾಹಿತಿಯು ಪೂರ್ಣ ಪ್ರಮಾಣದಲ್ಲಿ ರವಾನೆಯಾಗಿರಲಿಲ್ಲ ಅಕ್ಕ. ಜುರಾ ಆ ಮಾತನ್ನು ಹಿಡಿದುಕೊಂಡು ನಿಂತಳು, ಭಾರದ ವಸ್ತು ಕೈಗೆ ಕೊಟ್ಟರೆ ಎಲ್ಲಿಡಲಿ ಅಂತ ನೋಡುವವರ ಹಾಗೆ, ಓ, ಮೆಷಿನ್ ಕೆಟ್ಟಿತ್ತಾ, ಅಂದಳು. ಬುರುಲ್ ಹೂಂ ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಮಾರನೇ ವಾರವೇ ಮಗಳನ್ನು ಕರೆದುಕೊಂಡು ಸಕ್ಕರೆ ಹುಡುಗಿಯ ರೂಮಿಗೆ ಬಂದದ್ದು, ಬಿಷ್ಕೆಕ್‌ಗೆ, ಬೆಳವಣಿಗೆಗೆ ಹೊಸ ಅವಕಾಶ ಹುಡುಕಿಕೊಂಡು.

ಗಾಜಿನ ಬಾಗಿಲು ತೆರೆಯಿತು, ನೇರಳೆ ಉಗುರಿನವಳು ಹೊರಗೆ ಬಂದು ಉಸ್ಸಪ್ಪ ಅಂದಳು, ಪರೀಕ್ಷೆ ಕರೆ ಮಾಡಿಸ್ತಾರೆ ಅಕ್ಕ, ಮೊದ್ಲು ರಷ್ಯನ್, ಆಮೇಲೆ ಅದನ್ನೇ ಕಿರ್ಗಿಸ್‌ನಲ್ಲಿ, ನಂದು ಸಿಟಿ ಕಿರ್ಗಿಸ್, ಅಡುಗೆಮನೆ ದಾಟಿ ಬರಲ್ಲ, ನೀವು ಹಳ್ಳಿಯೋರು, ನಿಮಗೆ ಸಲೀಸು ಬಿಡಿ, ಅಂತ ಕಣ್ಣು ಹೊಡೆದು ಹೋದಳು, ಸಲೀಸು, ಸಲೀಸು, ಒಳಗಿಂದ ಹೆಸರು ಕೂಗಿದರು, ಬುರುಲ್ ಕಾದಿರೊವ್ನಾ, ಒಂದು ಕ್ಷಣ ಅದು ಯಾರು ಅನಿಸಿತು, ಎದ್ದಳು. ಮೇಜಿನ ಹಿಂದೆ ವೆನೆರಾ ಸಗಿನೊವ್ನಾ, ಐವತ್ತರ ಹತ್ತಿರ, ಕನ್ನಡಕಕ್ಕೆ ಸರಪಳಿ, ಕೂದಲು ಒಂದೂ ಆಚೀಚೆ ಇಲ್ಲ, ದಯವಿಟ್ಟು ಕುಳಿತುಕೊಳ್ಳಿ, ನಿಮ್ಮ ಬಗ್ಗೆ ಸಂಕ್ಷಿಪ್ತವಾಗಿ ಹೇಳಿ, ಬುರುಲ್ ಹೇಳಿದಳು, ಆರು ವರ್ಷದ ಅನುಭವ, ತುರ್ತು ಸಂದರ್ಭಗಳ ನಿರ್ವಹಣೆ, ಅದು ತನ್ನ ಬಾಯಿಯೇ, ಹೌದು, ಚೆನ್ನಾಗಿ ನಡೆಯುತ್ತಿದೆ, ಎಣ್ಣೆ ಹಾಕಿದ ಬಾಗಿಲಿನ ಹಾಗೆ. ಹಿಂದಿನ ಕೆಲಸ ಬಿಡಲು ಕಾರಣ? ಬೆಳವಣಿಗೆಗೆ ಹೊಸ ಅವಕಾಶ ಹುಡುಕುತ್ತಿದ್ದೆ. ಎಲ್ಲರೂ ಅದನ್ನೇ ಹೇಳುತ್ತಾರೆ, ಅಂದರು ವೆನೆರಾ ಸಗಿನೊವ್ನಾ, ತಲೆ ಎತ್ತದೆ, ಸರಿ, ನೀವು ಕೆಲಸದಲ್ಲಿ ಮಾಡಿದ ಒಂದು ತಪ್ಪನ್ನು ಹೇಳಿ, ಅದರಿಂದ ಏನು ಕಲಿತಿರಿ. ಸಕ್ಕರೆ ಹುಡುಗಿ ಇದನ್ನು ಹೇಳಿಕೊಟ್ಟಿರಲಿಲ್ಲ. ಕಿಟಕಿಯಾಚೆ ಹಿಮದ ಬೆಟ್ಟ, ಬಿಳೀ, ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಹೇಳಿಬಿಡಲಾ, ಒಬ್ಬ ಮನುಷ್ಯ, ನಲವತ್ತಾರು, ಹೊಸ ಬಣ್ಣದ ಗೇಟು, ಹೇಳಿದರೆ ಈ ಕುರ್ಚಿಯಿಂದ ಎದ್ದು ನೇರ ಬಸ್ಸು, ಬಸ್ಸಿನಿಂದ ಇಳಿದರೆ ಆ ಮೂಲೆ, ಬೆಳಿಗ್ಗೆ ಎರಡು ಸಲ, ಮಧ್ಯಾಹ್ನ ಎರಡು ಸಲ — ಒಮ್ಮೆ ವಿಳಾಸಕ್ಕೆ ಸಂಬಂಧಿಸಿದ ಮಾಹಿತಿಯು ಪೂರ್ಣ ಪ್ರಮಾಣದಲ್ಲಿ ರವಾನೆಯಾಗಿರಲಿಲ್ಲ, ಅಂದಳು ಬುರುಲ್, ಅಂದಿನಿಂದ ಪ್ರತಿ ಮಾಹಿತಿಯನ್ನೂ ಎರಡು ಬಾರಿ ಪರಿಶೀಲಿಸುವುದನ್ನು ರೂಢಿಸಿಕೊಂಡೆ. ವೆನೆರಾ ಸಗಿನೊವ್ನಾ ಈಗ ತಲೆ ಎತ್ತಿದರು, ಕನ್ನಡಕದೊಳಗಿನ ಕಣ್ಣು ಮೆತ್ತಗಾಯಿತು, ಬಹಳ ಒಳ್ಳೆಯ ಉತ್ತರ, ಅಂದರು, ಪ್ರಬುದ್ಧ ಉತ್ತರ, ಹೆಚ್ಚಿನವರು ಬೇರೆಯವರ ಮೇಲೆ ಹಾಕುತ್ತಾರೆ. ಬರೆದುಕೊಂಡರು. ಪೆನ್ನಿನ ಸದ್ದು.

ಪರೀಕ್ಷೆ ಕರೆ. ಒಂದು ಕಾಗದ ಕೊಟ್ಟರು, ನಾನು ರೋಗಿ, ಹೃದಯದ ಡಾಕ್ಟರನ್ನು ನೋಡಬೇಕು, ಅವರು ಯಾವಾಗ ಸಿಗುತ್ತಾರೆ ಅಂತ ಕಾಗದದಲ್ಲಿದೆ, ನೀವು ಸಮಯ ಗೊತ್ತುಮಾಡಿಕೊಡಿ. ನಮ್ಮ ಆಸ್ಪತ್ರೆಗೆ ಕರೆ ಮಾಡಿದ್ದಕ್ಕೆ ಧನ್ಯವಾದ, ಬುರುಲ್ ಮಾತನಾಡುತ್ತಿದ್ದೇನೆ, ನಿಮಗೆ ಹೇಗೆ ಸಹಾಯ ಮಾಡಲಿ, ಡಾಕ್ಟರು ವಾರಕ್ಕೆ ಒಂದೇ ದಿನ ಲಭ್ಯ, ಚೆತ್ವೆರ್ಗ್, ಹತ್ತರಿಂದ ಒಂದು, ಚೆತ್ವೆರ್ಗ್ ನಿಮಗೆ ಅನುಕೂಲವೇ, ನಾಲಿಗೆ ಎಲ್ಲೂ ತಡೆಯಲಿಲ್ಲ. ಚೆನ್ನಾಗಿದೆ, ಈಗ ಅದನ್ನೇ ಕಿರ್ಗಿಸ್‌ನಲ್ಲಿ, ಅಂದರು, ಅಂದದ್ದೇ ತಡ ಮೇಜಿನ ಹಿಂದಿನ ಹೆಂಗಸೇ ಬದಲಾಗಿಹೋದಳು, ಭುಜ ಇಳಿಬಿಟ್ಟು, ದನಿ ದಪ್ಪ ಮಾಡಿ, ಬೆಟ್ಟದ ನರೀನ್ ಕಡೆಯ ಯಾವುದೋ ಊರಿನ ಹೆಂಗಸು, ಹಲೋ, ಅಮ್ಮಾ, ನಮ್ಮೆಜಮಾನ್ರಿಗೆ ಎದೆ ನೋವು ಕಣಮ್ಮ, ಡಾಕ್ಟ್ರು ಯಾವತ್ತು ಸಿಗ್ತಾರೆ. ನಾಟಕ, ನಾಟಕ ಇದು, ಎದುರಿಗೇ ಕೂತಿದ್ದಾರೆ, ಕನ್ನಡಕದ ಸರಪಳಿ ಅಲ್ಲಾಡುತ್ತಿದೆ, ಆದರೂ ಬೆರಳು ವೈರ್‌ಲೆಸ್ ಗುಂಡಿ ಹುಡುಕುತ್ತಿದೆ. ಡಾಕ್ಟ್ರು ವಾರಕ್ಕೆ ಒಂದೇ ದಿನ ಇರ್ತಾರೆ ಅಕ್ಕ. ಯಾವತ್ತಮ್ಮ? ಶುಕ್ರವಾರದ ಹಿಂದಿನ ದಿನ ಅನ್ನಬಹುದು, ಶುಕ್ರವಾರಕ್ಕೆ ಮುಂಚೆ ಅಂದರೂ ಆಯಿತು, ಬುಧವಾರ ಆದ ಮೇಲೆ, ಹದಿನಾಲ್ಕು ವರ್ಷದಲ್ಲಿ ಎಷ್ಟು ದಾರಿ ಕಡಿದಿಲ್ಲ ಈ ನಾಲಿಗೆ, ಎಲ್ಲ ಸುತ್ತುದಾರಿ — ಕೇಳಿಸ್ತಿಲ್ಲ ಕಣಮ್ಮ, ಯಾವತ್ತು ಅಂದೆ, ನಾವು ದೂರದಿಂದ ಬರಬೇಕು — ತುಟಿ ಕೂಡಿದವು, ಅದೇ ಅಕ್ಷರ, ಅದೇ ಜಾಗ, ಬಣ್ಣ ಒಣಗಿದ ತುಟಿ, ಅಂಟಿಕೊಂಡವು, ಮಾವ ಕುದುರೆಯ ಕಡೆ ಮುಖ ಮಾಡಿ ನಿಂತಿದ್ದಾರೆ, ಯಾವತ್ತಮ್ಮ, ತಿಂಗಳು ಮುಗಿಯಲು ಹನ್ನೊಂದು ದಿನ, ಯಾವತ್ತು — ಬೆಯ್ಶೆಂಬಿ, ಅಂದಳು ಬುರುಲ್.

ಬಂತು. ಏನೂ ಆಗಲಿಲ್ಲ. ಬೆಯ್ಶೆಂಬಿ ಅಕ್ಕ, ಬೆಯ್ಶೆಂಬಿ ಬೆಳಿಗ್ಗೆ ಹತ್ತಕ್ಕೆ ಬನ್ನಿ, ಇನ್ನೊಂದು ಸಲವೂ ಹೇಳಿದಳು, ನಿಯಮದ ಪ್ರಕಾರ ಎರಡು ಬಾರಿ, ಯಥಾವತ್ತಾಗಿ, ಯಾರೂ ಬಟ್ಟಲು ಕೆಳಗಿಡಲಿಲ್ಲ, ಗೋಡೆ ಗೋಡೆಯ ಹಾಗೇ ಇದೆ, ವೆನೆರಾ ಸಗಿನೊವ್ನಾ ಭುಜ ನೆಟ್ಟಗೆ ಮಾಡಿಕೊಂಡು ಮತ್ತೆ ವೆನೆರಾ ಸಗಿನೊವ್ನಾ ಆದರು, ನಿಮ್ಮ ಧ್ವನಿಯಲ್ಲಿ ನೆಮ್ಮದಿ ಇದೆ ಬುರುಲ್ ಕಾದಿರೊವ್ನಾ, ರೋಗಿಗಳಿಗೆ ಅದೇ ಬೇಕಾದದ್ದು, ಸೋಮವಾರದಿಂದ ಬರಲು ಸಾಧ್ಯವೇ, ಅಂತ ಕೇಳುತ್ತಿದ್ದಾರೆ, ಅವಳು ಸಾಧ್ಯ ಅನ್ನುತ್ತಿದ್ದಾಳೆ, ಧನ್ಯವಾದ ಅನ್ನುತ್ತಿದ್ದಾಳೆ, ಎಷ್ಟು ಹೊತ್ತು ಹಿಡಿಯಿತು ಅದಕ್ಕೆ, ಆ ಮಾತಿಗೆ, ಎಷ್ಟು, ಕಣ್ಣು ಮುಚ್ಚಿ ತೆಗೆಯುವಷ್ಟೂ ಇಲ್ಲ, ಸೀನುವುದಕ್ಕೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕು, ಇಷ್ಟೇನಾ, ಇಷ್ಟೇನಾ ಅದು, ಇಷ್ಟಕ್ಕೆ, ಒಂದು ಕಾಗದ ಮುಂದೆ ಬಂತು, ಇಲ್ಲಿ ಸಹಿ, ಇಲ್ಲೊಂದು, ಪೆನ್ನು ಕೈಗೆ ಬಂತು, ಕೈ ಎದ್ದಿತು, ಕಾಗದ ಬೆಳ್ಳಗೆ, ರಸ್ತೆ ಬೆಳ್ಳಗೆ, ಗಾಡಿ ಬಂದು ನಿಂತಾಯಿತು, ಬಾಗಿಲು ತೆಗೆದಾಯಿತು, ಅಕ್ಕ ಬಂದ್ವಿ, ನಿಲ್ಸಿ, ಬಂದ್ವಲ್ಲ, ಕೆಂಪು ಶಾಲು ಮೇಲೆ, ಕೆಳಗೆ, ಮೇಲೆ